ವನಮಾಲಕ್ಕನ ಇಪ್ಪತ್ತೆಂಟು

ಇಸ್ಪೀಟು ಬುದ್ಧಿಯನ್ನು ಹರಿತಗೊಳಿಸುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇಸ್ಪೀಟು ಇಸ್ಪೀಟನ್ನು ಕಲಿಸುತ್ತದೆ, ಅಷ್ಟೆ. ಹಾಗೆಂದು ಅದು ಮನೆ ಹಾಳುಮಾಡುತ್ತದೆ ಎಂಬುದನ್ನೂ ಒಪ್ಪುವುದಿಲ್ಲ. ದುಡ್ಡು ಕಟ್ಟದೆ, ಮನೆಗೆಲಸ ಮುಗಿಸಿ ಕೂತು, ದೀಪ ಹಚ್ಚುವ ಹೊತ್ತಿಗೆ ಎದ್ದು ಹೋಗುವ ಆಟದಿಂದ ಹಾಳಾದ ಮನೆಯನ್ನು ಇಕ್ಕೇರಿಯ ಸುತ್ತಮುತ್ತ ನಾನು ಕಂಡಿಲ್ಲ. ಆದರೆ ಇಸ್ಪೀಟಿನ ದೆಸೆಯಿಂದ ಒಬ್ಬಳು ಅಜ್ಜಿ ಮೊಮ್ಮಗಳನ್ನು ದೂರ ಮಾಡಿಕೊಳ್ಳುವ ಹಂತಕ್ಕೆ ಬಂದದ್ದನ್ನು ಕಳೆದ ಬೇಸಗೆಯಲ್ಲಿ ಕಂಡೆ. ಆಕೆ ನನ್ನ ನೆರೆಮನೆಯವಳು. ಊರಿಗೆಲ್ಲ ವನಮಾಲಕ್ಕ, ಒಂದೇ ವಾರಗೆಯ ನನಗೆ ವನಮಾಲಾ.

ವನಮಾಲಾಳ ತವರು ಹೊಸನಗರದ ಕಡೆ. ಆಕೆಯ ಅಪ್ಪನಿಗೆ ‘ಇಪ್ಪತ್ತೆಂಟು’ ಎಂಬ ಆಟದ ಹುಚ್ಚು. ಅದಕ್ಕೆ ನಾಲ್ಕು ಜನ ಬೇಕು. ಅಕ್ಕಪಕ್ಕದಲ್ಲಿ ಮನೆಗಳಿರಲಿಲ್ಲ, ಗಂಡುಮಕ್ಕಳೂ ಇರಲಿಲ್ಲ. ಇದ್ದ ಮೂವರು ಹೆಣ್ಣುಮಕ್ಕಳನ್ನೇ ಕೂರಿಸಿ ಎಲೆ ಹಂಚಿದ. ವನಮಾಲಾ ಎಸ್ಸೆಸ್ಸೆಲ್ಸಿ ಪಾಸಾಗುವ ಹೊತ್ತಿಗೆ ಎದುರಿನವರ ಕೈಯಲ್ಲಿ ಯಾವ ಎಲೆ ಉಳಿದಿದೆ ಎಂದು ಮುಖ ನೋಡದೆ ಹೇಳುತ್ತಿದ್ದಳಂತೆ. ಮದುವೆಯಾಗಿ ಬಂದ ಮನೆಯಲ್ಲಿ ಗಂಡನಿಗೆ ಎಲೆ ಕಂಡರೆ ಆಗದು. ಆತ ಹೆಂಡತಿಗೆ ಬೇಡವೆನ್ನಲಿಲ್ಲ, ತಾನು ಮುಟ್ಟಲೂ ಇಲ್ಲ. ಜಗಲಿಯ ಇನ್ನೊಂದು ಮೂಲೆಯಲ್ಲಿ ಪೇಪರು ಓದುತ್ತ ಕೂರುತ್ತಿದ್ದ. ಆತ ತೀರಿಕೊಂಡು ಕೆಲವು ವರ್ಷಗಳಾದವು. ಈಗ ಮನೆಯಲ್ಲಿ ಮಗ ಪ್ರಜ್ವಲ್, ಸೊಸೆ ವಿನಯಾ, ಮೊಮ್ಮಗಳು ಶ್ರೀಗೌರಿ. ಪ್ರಜ್ವಲ್‌ಗೆ ಸಾಗರದ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ. ವಿನಯಾ ಅಲ್ಲಿಯೇ ಒಂದು ಸೊಸೈಟಿಯಲ್ಲಿ ಗುಮಾಸ್ತೆ. ಬಾಣಂತನದ ರಜೆ ಮುಗಿದ ದಿನ ಆಕೆ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಕೆಲಸಕ್ಕೆ ಹೋದಳು. ಅಲ್ಲಿಂದ ಶ್ರೀಗೌರಿಯ ಹಗಲೆಲ್ಲ ಅಜ್ಜಿಯದು.

ಆ ಹಗಲು ಹೇಗಿರುತ್ತಿತ್ತೆಂದರೆ, ಬೆಳಿಗ್ಗೆ ಎದ್ದು ಅಜ್ಜಿ ತೆಳ್ಳೇವು ದೋಸೆ ಎರೆಯುವಾಗ ಮಗು ಒಲೆಯ ಮುಂದೆ. ದನಕ್ಕೆ ಹುಲ್ಲು ಹಾಕುವಾಗ ಕೊಟ್ಟಿಗೆಯ ಬಾಗಿಲಲ್ಲಿ. ಅಂಗನವಾಡಿಗೆ ಕಳಿಸಿದರೆ ಒಂದು ಹೊತ್ತು ಹೋಗಿ ಬರುತ್ತಿತ್ತು. ಊಟಕ್ಕೆ ಒಂದು ತಂಬುಳಿ, ಒಂದು ಪಲ್ಯ. ಏಪ್ರಿಲ್, ಮೇ ತಿಂಗಳಾದರೆ ಹಲಸಿನ ಹಪ್ಪಳದ ಕೆಲಸ. ಅಜ್ಜಿ ಒತ್ತಿದ ಹಪ್ಪಳವನ್ನು ಮಗು ಒಂದೊಂದಾಗಿ ಚಾಪೆಯ ಮೇಲೆ ಹರವಿ, ಕೋಲು ಹಿಡಿದು ಕಾಗೆ ಕಾಯುತ್ತಿತ್ತು. ಅದು ಮುಗಿದ ಮೇಲೆ ಜಗಲಿಯಲ್ಲಿ ಕಂಬಳಿ ಹಾಸಿ, ವೀಳ್ಯ, ಅಡಕೆಯ ಕವಳದ ಪೆಟ್ಟಿಗೆ ಇಟ್ಟು, ಎಲೆ ಕಲೆಸುವುದು.

ಆಟಕ್ಕೆ ನಾವು ನಾಲ್ವರು. ವನಮಾಲಾ, ಆಕೆಯ ಜೊತೆಗೆ ಮಂಜುನಾಥಪ್ಪ. ಮಂಜುನಾಥಪ್ಪನ ಅಪ್ಪ ಒಂದು ಕಾಲದಲ್ಲಿ ಈ ಮನೆಯ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವನು. ಈಗ ಆ ಗದ್ದೆ ಮಂಜುನಾಥಪ್ಪನದೇ, ಮೇಲೆ ಒಂದು ಟ್ರ್ಯಾಕ್ಟರೂ ಇದೆ. ಎದುರು ಪಕ್ಷದಲ್ಲಿ ನಾನು ಮತ್ತು ಶಂಭು ಭಟ್ಟ. ಈತ ಮದುವೆ ಮುಂಜಿಗಳ ಅಡುಗೆಗೆ ಹೋಗುವವನು, ಅಡುಗೆ ಇಲ್ಲದ ದಿನ ನಮ್ಮಲ್ಲಿಗೆ ಬರುವವನು. ನಾವು ಹೆಚ್ಚಾಗಿ ಸೋಲುತ್ತಿದ್ದೆವು. ಶ್ರೀಗೌರಿ ಅಜ್ಜಿಯ ಬೆನ್ನಿಗೆ ಒರಗಿ, ಭುಜದ ಮೇಲಿಂದ ಎಲೆ ನೋಡುತ್ತ ಬೆಳೆಯಿತು. ಒಂದು ದಿನವೂ ಬಾಯಿಬಿಟ್ಟು ಅಜ್ಜಿಯ ಕೈಯಲ್ಲಿ ಏನಿದೆ ಎಂದು ಹೇಳಿದ ಮಗುವಲ್ಲ. ಆ ಶಿಸ್ತನ್ನು ನಾನು ಮೆಚ್ಚಿದ್ದೆ.

ಈ ಆಟ ತಿಳಿಯದವರಿಗೆ ಎರಡು ಮಾತು ಹೇಳಬೇಕು. ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಎಲೆ ಗುಲಾಮ. ಅವನ ಕೆಳಗೆ ಒಂಬತ್ತು. ಅದರ ಕೆಳಗೆ ಎಕ್ಕ, ಆಮೇಲೆ ಹತ್ತು. ರಾಜ, ರಾಣಿ ಅದಕ್ಕೂ ಕೆಳಗೆ. ಎಲೆಗಳಿಗೆ ಅಂಕ ಉಂಟು, ಒಟ್ಟು ಇಪ್ಪತ್ತೆಂಟು. ಆಟ ಶುರುವಾಗುವ ಮುಂಚೆ ‘ನಾನು ಇಷ್ಟು ಅಂಕ ಮಾಡುತ್ತೇನೆ’ ಎಂದು ಒಬ್ಬರಿಗಿಂತ ಒಬ್ಬರು ಏರಿಸಿ ಕೇಳುತ್ತಾರೆ. ಹೆಚ್ಚು ಕೇಳಿದವರು ತುರುಪು ಇಡುತ್ತಾರೆ. ಕೇಳಿದಷ್ಟು ಮಾಡಿದರೆ ಗೆದ್ದರು, ಇಲ್ಲವಾದರೆ ಸೋತರು.

ಶ್ರೀಗೌರಿಗೆ ಆರು ತುಂಬುತ್ತ ಬಂದಿತ್ತು. ಊರಿನ ಶಾಲೆ ಮಕ್ಕಳಿಲ್ಲದೆ ಮುಚ್ಚಿತ್ತು. ವಿನಯಾ ಸಾಗರದ ಒಂದು ಶಾಲೆಗೆ ಅರ್ಜಿ ಹಾಕಿದಳು. ಅದರ ಬಸ್ಸು ನಮ್ಮ ಕ್ರಾಸಿನವರೆಗೆ ಬರುತ್ತದೆ. ಒಂದನೆಯ ತರಗತಿಗೆ ಮಕ್ಕಳನ್ನು ಪರೀಕ್ಷೆ ಮಾಡಿ ಸೇರಿಸಿಕೊಳ್ಳಬಾರದೆಂದು ಕಾನೂನು ಹೇಳುತ್ತದೆ. ಆದ್ದರಿಂದ ಅವರು ಅದನ್ನು ‘ಮಗುವಿನ ಜೊತೆ ಮಾತುಕತೆ’ ಎನ್ನುತ್ತಾರೆ. ಏಪ್ರಿಲ್ ಕೊನೆಯಲ್ಲಿ ವಿನಯಾ ಮಗುವಿಗೆ ಹೊಸ ಲಂಗ ಹಾಕಿ ಕರೆದುಕೊಂಡು ಹೋದಳು.

ಮಗು ಒಂದರಿಂದ ನೂರರವರೆಗೆ ತಡವರಿಸದೆ ಹೇಳಿತಂತೆ. ಹಕ್ಕಿಗಳ ಹೆಸರು, ಬಣ್ಣಗಳ ಹೆಸರು, ವಾರಗಳ ಹೆಸರು ಹೇಳಿತಂತೆ. ಮುಖ್ಯೋಪಾಧ್ಯಾಯಿನಿ ಸಂತೋಷಪಟ್ಟು, ಒಂಬತ್ತು ದೊಡ್ಡದೋ ಹತ್ತು ದೊಡ್ಡದೋ ಎಂದು ಕೇಳಿದರು. ಮಗು ಒಂಬತ್ತು ಎಂದಿತು. ಆಕೆ ಇನ್ನೊಮ್ಮೆ ಯೋಚಿಸಿ ಹೇಳು ಎಂದರು. ಮಗು ಇನ್ನೊಮ್ಮೆ ಯೋಚಿಸಿ ಒಂಬತ್ತು ಎಂದಿತು. ಯಾಕೆ ಎಂದು ಕೇಳಿದಾಗ, ಒಂಬತ್ತು ಹತ್ತನ್ನು ಹೊಡೆಯುತ್ತದೆ, ಒಂಬತ್ತನ್ನು ಗುಲಾಮ ಹೊಡೆಯುತ್ತಾನೆ ಎಂದು ವಿವರಿಸಿತು. ಗುಲಾಮ ಯಾರು ಎಂದರೆ, ಎಲ್ಲರಿಗಿಂತ ದೊಡ್ಡವ, ರಾಜನೂ ಅವನಿಗೆ ಸೋಲುತ್ತಾನೆ ಎಂದಿತು.

ಆ ಕೋಣೆಯಲ್ಲಿ ವಿನಯಾಳ ಮುಖ ಹೇಗಾಗಿರಬೇಕೆಂದು ಊಹಿಸಬಹುದು. ಮಗುವಿಗೆ ಸಂಖ್ಯೆಯ ಕಲ್ಪನೆ ಗಟ್ಟಿಯಾಗಿಲ್ಲ, ಒಂದು ವರ್ಷ ಯುಕೆಜಿಯಲ್ಲಿ ಕೂರಲಿ, ಬೇಕಿದ್ದರೆ ಮೇ ಕೊನೆಗೆ ಇನ್ನೊಮ್ಮೆ ಕರೆತನ್ನಿ ನೋಡೋಣ ಎಂದು ಅವರು ಕಳಿಸಿದರು.

ವಿನಯಾ ಕೂಗಾಡುವವಳಲ್ಲ. ಅಂದು ರಾತ್ರಿಯ ಊಟವಾದ ಮೇಲೆ ತನ್ನ ತೀರ್ಮಾನ ತಿಳಿಸಿದಳು. ಜೂನ್‌ನಿಂದ ಶ್ರೀಗೌರಿ ಮಂಡಗದ್ದೆಯಲ್ಲಿ, ತನ್ನ ತವರಿನಲ್ಲಿ, ಇರುತ್ತದೆ. ಅಲ್ಲಿಯ ಶಾಲೆ ಮನೆಯ ಹತ್ತಿರವೇ ಇದೆ, ಮಾತುಕತೆಯಿಲ್ಲದೆ ಒಂದನೆಯ ತರಗತಿಗೆ ಸೇರಿಸಿಕೊಳ್ಳುತ್ತಾರೆ, ತನ್ನ ಅಮ್ಮ ನೋಡಿಕೊಳ್ಳುತ್ತಾಳೆ, ಆ ಮನೆಯಲ್ಲಿ ಎಲೆ ಎಂದರೆ ಬಾಳೆಲೆ ಮಾತ್ರ. ಮೇ ಕೊನೆಯ ಎರಡನೆಯ ಮಾತುಕತೆಯಲ್ಲಿ ಸರಿಯಾಗಿ ಹೇಳಿದರೆ ಮಾತ್ರ ಇಲ್ಲಿ ಉಳಿಯುವುದು. ಮಗುವನ್ನು ಬಿಟ್ಟಿರುವುದು ಅವಳಿಗೂ ಸುಲಭವಿರಲಿಲ್ಲ. ಆದರೆ ಒಂದು ವರ್ಷ ಹಿಂದೆ ಬೀಳುವುದು ಅದಕ್ಕಿಂತ ಕೆಟ್ಟದ್ದು ಎಂದು ಅವಳ ಲೆಕ್ಕ. ಅದರಲ್ಲಿ ನನಗೆ ತಪ್ಪು ಕಾಣಲಿಲ್ಲ.

ಅತ್ತೆಯ ಹತ್ತಿರ ಅವಳು ಕೇಳಿದ್ದು ಒಂದೇ.

“ಅತ್ತೆ, ‘ಆನು ಹೇಳ್ಕೊಟ್ಟಿದ್ದು ತಪ್ಪು’ ಅಂತ ಕೂಸಿನ ಹತ್ರ ಒಂದು ಮಾತು ಹೇಳಿಬಿಡಿ. ನಿಂಗೊ ಹೇಳಿರೆ ಅದು ನಂಬ್ತು.”

“ಆನು ತಪ್ಪು ಹೇಳ್ಕೊಟ್ಟಿದ್ನಿಲ್ಲೆ,” ಎಂದಳು ವನಮಾಲಾ. “ಇಪ್ಪತ್ತೆಂಟರಲ್ಲಿ ಒಂಬತ್ತೇ ದೊಡ್ಡದು. ಸುಳ್ಳು ಹೇಳ್ತ್ನಿಲ್ಲೆ.”

“ಹಂಗಾರೆ ಮಂಡಗದ್ದೆ.”

“ಮೇ ತಿಂಗಳು ಇನ್ನೂ ಇದ್ದಲೆ.”

ಪ್ರಜ್ವಲ್ ಎದ್ದು, ಯಾರದೋ ಮೋಟಾರು ನೋಡಬೇಕೆಂದು ಹೊರಗೆ ಹೋದ. ಅವನ ಬಾಳಿನ ಅರ್ಧ ಮೋಟಾರುಗಳು ಇಂಥ ಹೊತ್ತಿನಲ್ಲಿಯೇ ಕೆಟ್ಟಿವೆ.

ವನಮಾಲಾ ಮರುದಿನದಿಂದ ಆಟ ನಿಲ್ಲಿಸಿದಳು. ಯಾರಿಗೂ ಹೆದರಿ ಅಲ್ಲ, ಹೊತ್ತು ಬೇಕಾಗಿತ್ತು. ಹಪ್ಪಳ ಒತ್ತುತ್ತ ಮಗುವನ್ನು ಎದುರಿಗೆ ಕೂರಿಸಿಕೊಂಡು ಪಾಠ ಶುರುಮಾಡಿದಳು. ನಾನು ಅಲ್ಲಿಯೇ ಇದ್ದೆ. ಒಂದು ಕಡೆ ಒಂಬತ್ತು ಅಡಕೆ, ಇನ್ನೊಂದು ಕಡೆ ಹತ್ತು ಅಡಕೆ ಇಟ್ಟು, ಯಾವುದು ಹೆಚ್ಚು ಎಂದಳು. ಮಗು ನೋಡಿದ ತಕ್ಷಣ ಹತ್ತರ ಗುಂಪನ್ನು ಮುಟ್ಟಿತು.

“ಹಂಗಾರೆ ಹತ್ತು ದೊಡ್ಡದಲ್ದಾ?”

“ಹೆಚ್ಚು ಅಜ್ಜಿ. ದೊಡ್ಡದಲ್ಲ,” ಎಂದಿತು ಮಗು. “ಇರುವೆ ಹೆಚ್ಚಿರ್ತು. ದೊಡ್ಡದಿರ್ತಾ?”

ಮಗುವಿಗೆ ತಿಳಿವಳಿಕೆ ಕಡಿಮೆಯಾಗಿದ್ದರೆ ತಿದ್ದಬಹುದಿತ್ತು. ಅದಕ್ಕೆ ಒಂದು ನಿಯಮ ಗೊತ್ತಿತ್ತು, ಆ ನಿಯಮವನ್ನು ಹೇಳಿಕೊಟ್ಟವಳು ಅಜ್ಜಿ, ಅಜ್ಜಿ ಸುಳ್ಳು ಹೇಳುವುದಿಲ್ಲ. ಮುರಿಯಬೇಕಾದರೆ ಆ ಕೊನೆಯದನ್ನೇ ಮುರಿಯಬೇಕು. ವನಮಾಲಾ ಅದಕ್ಕೆ ತಯಾರಿರಲಿಲ್ಲ. ಆ ವಾರವೆಲ್ಲ ಆಕೆ ಅಡಕೆ, ಹಪ್ಪಳ, ಹಲಸಿನ ಬೀಜ, ಸ್ಲೇಟು ಎಲ್ಲವನ್ನೂ ಹೂಡಿದಳು. ಮಗು ಎಲ್ಲದಕ್ಕೂ ಸಮಾಧಾನದಿಂದ ಉತ್ತರ ಹೇಳಿ, ಕೊನೆಗೆ ಒಂಬತ್ತಕ್ಕೇ ಬಂದು ನಿಲ್ಲುತ್ತಿತ್ತು. ಅಜ್ಜಿಯ ಹಟವೇ ಮೊಮ್ಮಗಳಿಗೂ ಬಂದಿದೆ ಎಂದು ನಾನು ಹೇಳಿದೆ. ಅದು ಆಕೆಗೆ ಹಿತವಾಗಲಿಲ್ಲ.

ಆಟವಿಲ್ಲದೆ ಮಂಜುನಾಥಪ್ಪನಿಗೆ ಕೈಕಾಲು ಕಟ್ಟಿದಂತಾಗಿತ್ತು. ದಿನಾ ಬಂದು ಜಗಲಿಯ ಕಟ್ಟೆಯ ಮೇಲೆ ಕೂತು, ಕವಳ ಹಾಕಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದ. ಒಂದು ಮಧ್ಯಾಹ್ನ ತಡೆಯಲಾರದೆ ಕೇಳಿಯೇಬಿಟ್ಟ.

“ಅಮ್ಮಾ, ಪಾಠ ಪುಟ್ಟಿಗಾ, ನಿಮಗಾ? ಎಂಟು ದಿನದಿಂದ ಅದು ಹೇಳಿದ್ದನ್ನೇ ಹೇಳ್ತದೆ, ನೀವು ಕೇಳಿದ್ದನ್ನೇ ಕೇಳ್ತೀರಿ. ಒಂದು ಕೈ ಆಡಿ. ತಲೆ ಬಿಸಿ ಆದ್ರೂ ಇಳೀತದೆ.”

ವನಮಾಲಾ ಹಪ್ಪಳದ ಮಣೆಯನ್ನು ಬದಿಗಿಟ್ಟು ಕೈ ತೊಳೆದು ಬಂದಳು. ಶಂಭುವೂ ಬಂದಿದ್ದ. ಎಲೆ ಹಂಚಿದೆವು. ಶಂಭು ಹದಿನಾರು ಕೇಳಿದ. ವನಮಾಲಾ ಹದಿನೇಳು ಎಂದಳು. ನಾನೂ ಮಂಜುನಾಥಪ್ಪನೂ ಬಿಟ್ಟೆವು. ಶಂಭು ಎಲೆಗಳನ್ನು ಒಮ್ಮೆ ಜೋಡಿಸಿ, ಒಮ್ಮೆ ಬಿಡಿಸಿ, ಹದಿನೆಂಟು ಎಂದ. ವನಮಾಲಾ ಯೋಚಿಸುತ್ತಿದ್ದಳು. ಅಷ್ಟು ವರ್ಷ ಬೆನ್ನ ಹಿಂದೆ ಬಾಯಿ ಮುಚ್ಚಿ ಕೂತಿದ್ದ ಮಗು, ಆಟ ಮತ್ತೆ ಶುರುವಾದ ಖುಷಿಗೋ ಏನೋ, ಅಂದು ಶಿಸ್ತು ಮುರಿಯಿತು.

“ಹತ್ತೊಂಬತ್ತು ಕೇಳು ಅಜ್ಜಿ. ಶಂಭಣ್ಣ ಹೆದ್ರಿ ಬಿಟ್ಬಿಡ್ತ.”

ಬೇರೆ ದಿನವಾಗಿದ್ದರೆ ಬೈಗುಳ ಬೀಳುತ್ತಿತ್ತು. ವನಮಾಲಾ ಎಲೆಗಳನ್ನು ಮಗುಚಿ ಕೆಳಗಿಟ್ಟು ನಿಧಾನವಾಗಿ ಹಿಂದೆ ತಿರುಗಿದಳು. ಹತ್ತೊಂಬತ್ತು ಯಾಕೆ, ಹದಿನೇಳು ಸಾಲದಾ ಎಂದು ಕೇಳಿದಳು. ಮಗು ಅಜ್ಜಿಗೆ ಏನಾಯಿತು ಎಂಬಂತೆ ನೋಡಿತು. ಹದಿನೆಂಟು ಕೇಳಿದವರ ಮೇಲೆ ಹದಿನೇಳು ಕೇಳಲಾಗುವುದಿಲ್ಲ, ಅದು ಸಣ್ಣದು, ಇಷ್ಟೂ ಗೊತ್ತಿಲ್ಲವೇ ಎಂದಿತು.

“ಶಂಭು ಒಂಬತ್ತು ಕೇಳಿ, ಆನು ಹತ್ತು ಕೇಳಿರೆ?”

“ಒಂಬತ್ತು ಯಾರೂ ಕೇಳ್ತ್ವಿಲ್ಲೆ. ಹದಿನಾಕರಿಂದ ಕೇಳದು.”

“ಕೇಳಿರೆ?”

“ಹತ್ತು ದೊಡ್ಡದು,” ಎಂದಿತು ಮಗು, ಬೇಸರದಿಂದ. “ಕೇಳದ್ರಲ್ಲಿ ಹತ್ತು ದೊಡ್ಡದು. ಎಲೆಲ್ಲಿ ಒಂಬತ್ತು ದೊಡ್ಡದು. ಆಡು ಅಜ್ಜಿ.”

ಮಂಜುನಾಥಪ್ಪ ತೊಡೆ ತಟ್ಟಿಕೊಂಡು ನಕ್ಕ. ವನಮಾಲಾ ನಗಲಿಲ್ಲ. ಎಲೆ ಎತ್ತಿಕೊಂಡು ಹತ್ತೊಂಬತ್ತು ಕೇಳಿದಳು. ಶಂಭು ಹೆದರಿ ಬಿಟ್ಟ. ಆ ಕೈಯನ್ನು ಆಕೆ ಗೆದ್ದಳು. ಆಮೇಲೆ ಮಗುವನ್ನು ಮುಂದೆ ಕೂರಿಸಿಕೊಂಡು ಇಷ್ಟೇ ಹೇಳಿದಳು: ಶಾಲೆಯಲ್ಲಿ ಎಲೆ ಇರುವುದಿಲ್ಲ, ಅಲ್ಲಿ ಬರೀ ಕೇಳುವುದು, ಆದ್ದರಿಂದ ಅಲ್ಲಿ ಕೇಳುವ ಲೆಕ್ಕದಲ್ಲಿಯೇ ಹೇಳಬೇಕು. ಮಗು ಹೂಂ ಎಂದಿತು. ಅಷ್ಟು ಸಣ್ಣ ಮಾತನ್ನು ಮೊದಲೇ ಯಾಕೆ ಹೇಳಲಿಲ್ಲ ಎಂಬ ಭಾವ ಅದರ ಮುಖದಲ್ಲಿತ್ತು.

ಅಲ್ಲಿಗೆ ಗೆದ್ದೆವೆಂದುಕೊಂಡು ವನಮಾಲಾ ಪರೀಕ್ಷೆ ಮಾಡತೊಡಗಿದಳು. ಎಂಟೋ ಏಳೋ? ಎಂಟು. ಹದಿಮೂರೋ ಹನ್ನೊಂದೋ? ಹದಿಮೂರು. ಇಪ್ಪತ್ತನಾಲ್ಕೋ ಇಪ್ಪತ್ತಾರೋ? ಇಪ್ಪತ್ತಾರು. ಇಪ್ಪತ್ತೆಂಟೋ ಮೂವತ್ತೋ?

“ಇಪ್ಪತ್ತೆಂಟು.”

“ಮೂವತ್ತು ದೊಡ್ಡದಲ್ದನೇ ಕೂಸೆ?”

“ಇಪ್ಪತ್ತೆಂಟರ ಮೇಲೆ ಕೇಳಲಾಗ್ತಿಲ್ಲೆ ಅಜ್ಜಿ. ಇಪ್ಪತ್ತೆಂಟಕ್ಕೆ ಎಲ್ಲಾ ಮುಗೀತು.”

ನೂರರವರೆಗೆ ಅದು ಹೇಳುತ್ತಿದ್ದುದು ಹಾಡಿನಂತೆ ಬಾಯಿಪಾಠ. ಅದಕ್ಕೆ ನಿಜವಾಗಿ ಗೊತ್ತಿದ್ದ ಸಂಖ್ಯೆಗಳು ಇಪ್ಪತ್ತೆಂಟಕ್ಕೆ ನಿಂತಿದ್ದವು. ಅದರಾಚೆ ಇರುವುದೆಲ್ಲ ಅದರ ಮಟ್ಟಿಗೆ ಯಾರೂ ಆಡದ ಸಂಖ್ಯೆಗಳು. ಮೂವತ್ತೋ ನಲವತ್ತೋ ಎಂದು ಕೇಳಿದರೆ ಎರಡೂ ಇಲ್ಲವೆಂದು ಹೇಳಿತು. ವನಮಾಲಾ ಕವಳದ ಪೆಟ್ಟಿಗೆ ಮುಚ್ಚಿ ಗೋಡೆಗೆ ಒರಗಿ ಕೂತಳು. ಆಕೆ ಸೋತು ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ದಾರಿ ತೋರಿಸಿದವನು ಮಂಜುನಾಥಪ್ಪ. ತೀರ್ಥಹಳ್ಳಿ ಕಡೆಯ ನೆಂಟರ ಮನೆಯ ಮದುವೆಯಲ್ಲಿ ಅವನು ‘ಐವತ್ತಾರು’ ಆಡಿದ್ದ. ಅದು ಇಪ್ಪತ್ತೆಂಟರ ಅಣ್ಣ. ಎರಡು ಕಟ್ಟು ಎಲೆ ಸೇರಿಸಿ ಆಡುವುದು, ಅಂಕವೂ ಎರಡರಷ್ಟು. ಕೇಳುವುದು ಶುರುವಾಗುವುದೇ ಇಪ್ಪತ್ತೆಂಟರಿಂದ. ಆದರೆ ಮೂವರು ಒಂದು ಕಡೆ, ಮೂವರು ಒಂದು ಕಡೆ, ಒಟ್ಟು ಆರು ಜನ ಬೇಕು.

ನಾಲ್ವರು ಇದ್ದೆವು. ಐದನೆಯದಾಗಿ ಶ್ರೀಗೌರಿಯನ್ನೇ ಕೂರಿಸುವುದೆಂದಾಯಿತು. ಆರನೆಯ ಕೈಗೆ ಮಂಜುನಾಥಪ್ಪ ಹೆಂಡತಿ ಗುತ್ಯಮ್ಮನನ್ನು ಕೇಳಿಬಂದ. ಆಕೆ, “ಒಂದು ಮನೇಲಿ ಒಬ್ರು ಹಾಳಾಗಿದ್ದು ಸಾಲ್ದಾ?” ಎಂದು ಕಳಿಸಿದಳಂತೆ. ಪ್ರಜ್ವಲ್ ಎಲೆ ಹಿಡಿದರೆ ತೂಕಡಿಸುತ್ತಾನೆ. ಅದೂ ಅಲ್ಲದೆ ಅಮ್ಮ ಮತ್ತು ಹೆಂಡತಿಯ ನಡುವೆ ಯಾವ ವಿಷಯ ಇದೆಯೋ ಅಲ್ಲಿ ಅವನು ಕೂರುವವನಲ್ಲ. ಉಳಿದದ್ದು ವಿನಯಾ.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಬಂದ ವಿನಯಾಗೆ ವನಮಾಲಾ ಕಾಫಿ ಕೊಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಹತ್ತು ದೊಡ್ಡದೆಂದು ಮಗು ಒಪ್ಪಿತೆಂದು ಕೇಳಿ ಅವಳ ಮುಖ ಅರಳಿತು. ಇಪ್ಪತ್ತೆಂಟಕ್ಕೆ ಲೋಕ ಮುಗಿಯಿತೆಂದು ಕೇಳಿ ಮತ್ತೆ ಕಪ್ಪಿಟ್ಟಿತು.

“ಆರನೇ ಕೈ ಇಲ್ಲೆ. ನೀನೇ ಕೂತ್ಕ,” ಎಂದಳು ಅತ್ತೆ.

“ಆನಾ? ಇಸ್ಪೀಟಿಗಾ?”

“ಇಪ್ಪತ್ತೆಂಟಕ್ಕೆ ತಂದು ನಿಲ್ಸಿದ್ದು ಆನು. ಇಲ್ಲೆ ಅಂತ ಹೇಳ್ತ್ನಿಲ್ಲೆ. ಅಲ್ಲಿಂದ ಮುಂದೆ ದೂಡಲೆ ನಿನ್ನ ಕೈ ಬೇಕು. ಬ್ಯಾಡಾದ್ರೆ ಮಂಡಗದ್ದೆಗೆ ಫೋನು ಮಾಡು.”

ವಿನಯಾ ಕಾಫಿಯ ಲೋಟ ಕೆಳಗಿಟ್ಟಳು. ಅತ್ತೆ ಯಾವುದನ್ನಾದರೂ ತಾನು ಮಾಡಿದ್ದೆಂದು ಒಪ್ಪಿಕೊಂಡದ್ದನ್ನು ಅವಳು ಅದೇ ಮೊದಲು ಕೇಳಿದ್ದಿರಬೇಕು. ಒಳಗೆ ಹೋಗಿ, ಊಟಕ್ಕೆ ಕೂರುವವಳಂತೆ ಕೈಕಾಲು ತೊಳೆದು ಬಂದು, ಕಂಬಳಿಯ ತುದಿಯಲ್ಲಿ ಕೂತಳು.

ಐವತ್ತಾರರಲ್ಲಿ ಎರಡು ಪಕ್ಷದವರು ಒಬ್ಬರು ಬಿಟ್ಟು ಒಬ್ಬರಂತೆ ಕೂರುತ್ತಾರೆ. ಒಂದು ಪಕ್ಷ ವನಮಾಲಾ, ಮಂಜುನಾಥಪ್ಪ, ವಿನಯಾ. ಇನ್ನೊಂದು ಪಕ್ಷ ಶಂಭು, ನಾನು, ಶ್ರೀಗೌರಿ. ಹೀಗೆ ಅತ್ತೆ ಸೊಸೆ ಒಂದು ಕಡೆಯಾದರು.

ಮಗುವಿನ ಬೆರಳುಗಳಿಗೆ ಎಂಟು ಎಲೆ ಹಿಡಿಯಲು ಬರುತ್ತಿರಲಿಲ್ಲ. ಕವಳದ ಪೆಟ್ಟಿಗೆಯ ಮುಚ್ಚಳ ಎತ್ತಿ ನಿಲ್ಲಿಸಿ, ಅದರ ಮರೆಯಲ್ಲಿ ಎಲೆಗಳನ್ನು ಒರಗಿಸಿಕೊಂಡಿತು. ಮೊದಲು ಕೇಳಬೇಕಾದವಳು ವನಮಾಲಾ. ಆಕೆ ಇಪ್ಪತ್ತೆಂಟು ಎಂದಳು. ಮಗು ತಲೆ ಎತ್ತಿ ಎಲ್ಲರ ಮುಖ ನೋಡಿತು. ಯಾರೂ ತಮಾಷೆ ಮಾಡುತ್ತಿರಲಿಲ್ಲ. ಶಂಭು ಇಪ್ಪತ್ತೊಂಬತ್ತು ಎಂದ. ಮಂಜುನಾಥಪ್ಪ ಮೂವತ್ತು ಎಂದ. ಕೇಳಲಾಗದ ಸಂಖ್ಯೆಗಳನ್ನು ದೊಡ್ಡವರು ಒಂದೊಂದಾಗಿ ಕೇಳುತ್ತಿದ್ದರು. ನಾನು ಬಿಟ್ಟೆ. ವಿನಯಾಳೂ ಬಿಟ್ಟಳು. ಮಗುವಿನ ಸರದಿ ಬಂತು. ಅದು ತನ್ನ ಎಲೆಗಳನ್ನು ಇನ್ನೊಮ್ಮೆ ನೋಡಿ, ತಗ್ಗಿದ ದನಿಯಲ್ಲಿ, “ಮೂವತ್ತೊಂದು” ಎಂದಿತು. ಅದರ ಕೈಯಲ್ಲಿ ಎರಡು ಗುಲಾಮರಿದ್ದರು. ನಾವು ಆ ಕೈ ಗೆದ್ದೆವು.

ವಿನಯಾ ಮೊದಲ ದಿನ ಆಡಿದ ರೀತಿಯನ್ನು ವಿವರಿಸುವುದು ಬೇಡ. ತಮ್ಮ ಪಕ್ಷದ ಒಂಬತ್ತನ್ನು ಅವಳೇ ಗುಲಾಮ ಹಾಕಿ ಹೊಡೆದಾಗ ಮಂಜುನಾಥಪ್ಪ ಎರಡೂ ಕೈ ಮುಗಿದ.

“ಸೊಸಿಯಮ್ಮಾ, ನಾವು ನಿಮ್ಮ ಕಡೆಯವ್ರು ಮಾರಾಯ್ರೆ. ಪುಟ್ಟಿನ ಹೊಡೀರಿ, ನನ್ನ ಯಾಕೆ ಹೊಡೀತೀರಿ?”

“ಹೇಳ್ದೇ ಇದ್ರೆ ನನಗೆ ಹೇಗೆ ಗೊತ್ತಾಗ್ಬೇಕು?” ಎಂದಳು ವಿನಯಾ.

“ಹೇಳಿದ್ರೆ ಅದು ಆಟ ಅಲ್ಲ, ಪಂಚಾಯ್ತಿ.”

ಎರಡನೆಯ ವಾರಕ್ಕೆ ಅವಳು ಬೀಳುತ್ತಿದ್ದ ಎಲೆಗಳನ್ನು ಗಮನಿಸಲು ಶುರುಮಾಡಿದಳು. ಮೂರನೆಯ ವಾರಕ್ಕೆ ಸೊಸೈಟಿಯಿಂದ ಬಂದವಳು ಬ್ಯಾಗು ಇಡುವ ಮುಂಚೆ ಕಂಬಳಿ ಹಾಸಿದೆಯೋ ಎಂದು ನೋಡುತ್ತಿದ್ದಳು. ದಿನಗಳು ಬಲಿತ ಬೇಸಗೆಯವು, ಏಳರವರೆಗೂ ಬೆಳಕಿರುತ್ತಿತ್ತು. ನಾವು ಮಧ್ಯಾಹ್ನದ ಆಟವನ್ನು ಸಂಜೆಗೆ ಸರಿಸಿದ್ದೆವು. ಮಗು ಮೂವತ್ತರಿಂದ ನಲವತ್ತಕ್ಕೆ, ಅಲ್ಲಿಂದ ಐವತ್ತಕ್ಕೆ ಏರಿತು. ಒಂದು ಸಂಜೆ ಎಲೆ ಬಲವಿಲ್ಲದೆಯೇ ಐವತ್ತಾರು ಎಂದು ಕೇಳಿ, ಸೋತು, ನನ್ನ ಮರ್ಯಾದೆಯನ್ನೂ ಶಂಭುವಿನ ಮರ್ಯಾದೆಯನ್ನೂ ತೆಗೆಯಿತು. ಸೋತದ್ದರ ಬಗ್ಗೆ ಅದಕ್ಕೇನೂ ಅನಿಸಲಿಲ್ಲ. ಅದರ ಯೋಚನೆ ಬೇರೆ ಇತ್ತು.

“ಅಜ್ಜಿ, ಐವತ್ತಾರಾದ ಮೇಲೆ ಎಂತ ಆಡದು?”

“ಐವತ್ತಾರಾದ ಮೇಲೆ ಆಟ ಇಲ್ಲೆ,” ಎಂದಳು ವನಮಾಲಾ. “ಐವತ್ತೇಳರಿಂದ ಶಾಲೆ.”

ಮಗು ಅದನ್ನು ಒಪ್ಪಿಕೊಂಡಿತು. ಮುಂದೆ ಸಂಖ್ಯೆಗಳಿವೆ, ಅವು ಇನ್ನೊಂದು ಕಡೆ ಇವೆ, ಅಲ್ಲಿಗೆ ಹೋದರೆ ಸಿಗುತ್ತವೆ. ಶಾಲೆಗೆ ಹೋಗಲು ಇದಕ್ಕಿಂತ ಒಳ್ಳೆಯ ಕಾರಣವನ್ನು ನಾನಂತೂ ಕೇಳಿಲ್ಲ.

ಮೇ ಕೊನೆಯ ಎರಡನೆಯ ಮಾತುಕತೆಗೆ ಅತ್ತೆಯೂ ಬರಬೇಕೆಂದು ವಿನಯಾಳೇ ಹಟ ಹಿಡಿದಳು. ಅಲ್ಲಿ ನಡೆದದ್ದನ್ನು ನಾನು ಇಬ್ಬರಿಂದಲೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಎರಡೂ ಹೊಂದುತ್ತವೆ, ಆದ್ದರಿಂದ ಬರೆಯುತ್ತೇನೆ.

ಮುಖ್ಯೋಪಾಧ್ಯಾಯಿನಿ ಮಗುವನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಅಜ್ಜಿ ಮತ್ತು ಅಮ್ಮ ಹಿಂದಿನ ಬೆಂಚಿನಲ್ಲಿ. ಬಾಯಲ್ಲಿ ಕೇಳಿದರೆ ಗೊಂದಲವಾಗಬಹುದು ಎಂದು ಆಕೆ ಒಳ್ಳೆಯ ಮನಸ್ಸಿನಿಂದಲೇ ಮೇಜಿನ ಖಾನೆ ಎಳೆದು, ಒಂದು ಕಟ್ಟು ರಟ್ಟಿನ ಎಲೆಗಳನ್ನು ತೆಗೆದರು. ಒಂದೊಂದರ ಮೇಲೆ ಒಂದೊಂದು ಸಂಖ್ಯೆ. ಆಕೆ ಅವನ್ನು ಕಲೆಸಿ, ಎರಡನ್ನು ಆರಿಸಿ ಮಗುವಿನ ಮುಂದೆ ಇಟ್ಟರು. ಒಂಬತ್ತು ಮತ್ತು ಹತ್ತು.

ಬೆಂಚಿನ ಮೇಲೆ ವಿನಯಾ ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದಳು. ಶಾಲೆಯಲ್ಲಿ ಎಲೆ ಇರುವುದಿಲ್ಲ ಎಂದು ಹೇಳಿಕೊಟ್ಟಿದ್ದರು. ಇಲ್ಲಿ ಮೇಜಿನ ಮೇಲೆ ಎಲೆಗಳೇ ಇದ್ದವು. ಎಲೆಯಲ್ಲಿ ಒಂಬತ್ತು ದೊಡ್ಡದು. ಮಗು ಹಾಗೆ ಹೇಳಿದರೆ ಅದು ಅಜ್ಜಿ ಹೇಳಿಕೊಟ್ಟದ್ದನ್ನು ಅಕ್ಷರಶಃ ಪಾಲಿಸಿದಂತೆ. ವನಮಾಲಾ ಕೆಮ್ಮಬಹುದಿತ್ತು, ಹೆಸರು ಹಿಡಿದು ಕರೆಯಬಹುದಿತ್ತು. ಆಟದ ನಡುವೆ ಬಾಯಿಬಿಡುವ ಅಭ್ಯಾಸ ಆಕೆಗಿಲ್ಲ.

ಶ್ರೀಗೌರಿ ಒಂಬತ್ತನ್ನು ಎತ್ತಿ ನಾಲ್ಕೂ ಮೂಲೆ ನೋಡಿತು. ಮಗುಚಿ ಹಿಂಬದಿ ನೋಡಿತು. ಹತ್ತನ್ನೂ ಹಾಗೆಯೇ ನೋಡಿತು. ಆಮೇಲೆ ಎರಡನ್ನೂ ಅಂಚು ಸರಿಮಾಡಿ ಮೇಜಿನ ಮೇಲಿಟ್ಟಿತು.

“ಇದ್ರಲ್ಲಿ ಆಟೀನು, ಕಳಾವರ್ ಚಿತ್ರ ಎಂತೂ ಇಲ್ಲೆ,” ಎಂದಿತು. “ಇದು ಆಡೋ ಎಲೆ ಅಲ್ಲ. ಬರೀ ಸಂಖ್ಯೆ. ಹಂಗಾರೆ ಹತ್ತು ದೊಡ್ಡದು.”

ಮುಖ್ಯೋಪಾಧ್ಯಾಯಿನಿ ಆಟೀನು ಎಂದರೇನು ಎಂದು ಕೇಳಲಿಲ್ಲ. ಬಹುಶಃ ಹಿಂದಿನ ಸಲದ ಗುಲಾಮನ ನೆನಪಿತ್ತು. ಇನ್ನೆರಡು ಎಲೆ ಇಟ್ಟರು, ಇನ್ನೆರಡು ಇಟ್ಟರು. ಮಗು ಯಾವುದಕ್ಕೂ ತಡಮಾಡಲಿಲ್ಲ. ಕೊನೆಗೆ ಆಕೆ ನಲವತ್ತೇಳು ಮತ್ತು ಐವತ್ತಮೂರನ್ನು ಇಟ್ಟಾಗ, ಐವತ್ತಮೂರು ಎಂದು ಹೇಳಿ, ಅಷ್ಟಕ್ಕೇ ನಿಲ್ಲದೆ, “ಐವತ್ತನಾಕು” ಎಂದು ಏರಿಸಿತು. ಆಕೆಗೆ ಅರ್ಥವಾಗಲಿಲ್ಲ, ಆದರೂ ನಗು ಬಂದು, ಐವತ್ತೈದು ಎಂದರು. ಮಗು ಐವತ್ತಾರು ಎಂದು ಹೇಳಿ ಕೈಕಟ್ಟಿ ಕೂತಿತು. ಜೂನ್ ಮೊದಲ ವಾರಕ್ಕೆ ಒಂದನೆಯ ತರಗತಿಗೆ ಬರಲಿ ಎಂದು ಆಕೆ ಅಲ್ಲಿಯೇ ಹೇಳಿದರು. ಮಗುವಿಗೆ ಇಷ್ಟು ಚೆನ್ನಾಗಿ ಪಾಠ ಹೇಳಿದವರು ಯಾರು ಎಂದು ಕೇಳಿದರಂತೆ. ವಿನಯಾ ತುಸುವೂ ಅಳುಕದೆ, ಮನೆಯಲ್ಲಿ ಎಲ್ಲರೂ ಸಂಜೆ ಕೂತು ಅಭ್ಯಾಸ ಮಾಡಿಸಿದೆವು ಎಂದಳು. ಅದು ಸುಳ್ಳಲ್ಲವಾದ್ದರಿಂದ ಅತ್ತೆಯೂ ತಲೆಯಾಡಿಸಿದಳು.

ಪೇಟೆಯಿಂದ ಬರುವಾಗ ಅವರು ಜೋಳಿಗೆಯಂಥ ದೊಡ್ಡ ಶಾಲಾ ಚೀಲ, ನೀರಿನ ಬಾಟಲಿ, ಜೊತೆಗೆ ಹೊಸದೊಂದು ಇಸ್ಪೀಟು ಕಟ್ಟನ್ನೂ ತಂದಿದ್ದರು. ನಮ್ಮ ಎರಡು ಕಟ್ಟುಗಳಲ್ಲಿ ಒಂದು ತೀರ ಹಳೆಯದಾಗಿ, ಕಳಾವರಿನ ಎಕ್ಕದ ಮೂಲೆ ಮುರಿದು, ಅದು ಯಾರ ಕೈಯಲ್ಲಿದೆ ಎಂದು ಹಿಂಬದಿಯಿಂದಲೇ ಗೊತ್ತಾಗುತ್ತಿತ್ತು. ಕಟ್ಟು ಕೊಂಡವಳು ವಿನಯಾ.

ಮಂಜುನಾಥಪ್ಪ ಗೇಟಿನಲ್ಲಿ ಕಾಯುತ್ತಿದ್ದ. ಏನಾಯಿತೆಂದು ಕೇಳುವ ಮೊದಲೇ ಮಗು ಓಡಿಬಂದು, ಅಲ್ಲಿಯ ಟೀಚರಿಗೆ ಐವತ್ತಾರರ ಮೇಲೆ ಕೇಳಲು ಧೈರ್ಯ ಬರಲಿಲ್ಲ ಎಂದು ತಿಳಿಸಿತು. ಅವನು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ತನ್ನ ಮನೆಯವರೆಗೆ ಮೆರವಣಿಗೆ ಮಾಡಿಕೊಂಡು ಹೋದ. ಗುತ್ಯಮ್ಮ ಹೊರಗೆ ಬಂದು, ಮಗುವಿನ ಕೈಗೆ ಬೆಲ್ಲದ ಚೂರು ಕೊಟ್ಟು, ಗಂಡನಿಗೆ ಏನೂ ಕೊಡದೆ ಒಳಗೆ ಹೋದಳು.

ಸಂಜೆ ಜಗಲಿಯಲ್ಲಿ ಆರು ಜನವೂ ಕೂತೆವು. ಎಲೆ ಹಂಚಿ ಆಗಿತ್ತು. ವನಮಾಲಾ ಇಪ್ಪತ್ತೆಂಟು ಕೇಳಿದ್ದಳು, ಶಂಭು ಇಪ್ಪತ್ತೊಂಬತ್ತು, ಮಂಜುನಾಥಪ್ಪ ಮೂವತ್ತು. ಆಗ ವಿನಯಾಳ ಫೋನು ಬಂತು. ಮಂಡಗದ್ದೆಯಿಂದ ಅವಳ ಅಮ್ಮ. ಮಗುವಿಗೆ ಮಲಗಲು ಮಾಳಿಗೆಯ ಕೋಣೆ ತೊಳೆಸಿಟ್ಟಿದ್ದೇವೆ, ಯಾವತ್ತು ಕರೆತರುತ್ತೀರಿ ಎಂದು ವಿಚಾರಿಸುತ್ತಿದ್ದರು. ವಿನಯಾ ಒಂದು ಕೈಯಲ್ಲಿ ಎಲೆ ಹಿಡಿದು, ಇನ್ನೊಂದರಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು.

“ಇಲ್ಲೆ ಆಯಿ, ಕೂಸು ಬತ್ತಿಲ್ಲೆ. ಇಲ್ಲೇ ಇರ್ತು, ಇಲ್ಲಿಂದನೇ ಶಾಲೆಗೆ ಹೋಗ್ತು… ಹೌದು, ಅತ್ತೆನೇ ನೋಡ್ಕಳ್ತ… ಇಸ್ಪೀಟಾ?”

ನಾನು ಮೂವತ್ತೊಂದು ಎಂದೆ. ಸರದಿ ವಿನಯಾಳದು. ಅವಳು ಫೋನಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಅತ್ತೆಯ ಮುಖ ನೋಡಿದಳು. ವನಮಾಲಾಳ ಮುಖದಲ್ಲಿ ಏನೂ ಇರಲಿಲ್ಲ. ಆ ಮುಖದಲ್ಲಿ ಏನೂ ಇಲ್ಲದಿದ್ದರೆ ಕೈಯಲ್ಲಿ ಬಹಳ ಇದೆಯೆಂದು ಅರ್ಥ, ಅದನ್ನು ಅವಳೂ ಈ ಹೊತ್ತಿಗೆ ಕಲಿತಿದ್ದಳು.

“ಮೂವತ್ತೈದು,” ಎಂದಳು ವಿನಯಾ.

ಕವಳದ ಪೆಟ್ಟಿಗೆಯ ಮುಚ್ಚಳದ ಹಿಂದಿನಿಂದ ಅವಳ ಮಗು ಮೂವತ್ತಾರು ಎಂದಿತು.